ಸತ್ತ ಸರ್ವರಿನ ಹೆಸರು: ಕನೆಕ್ಷನ್ ಸ್ಟ್ರಿಂಗಿನ ಕತೆ

2001ರಲ್ಲಿ ವಿಷುಯಲ್ ಬೇಸಿಕ್ 6ರಲ್ಲಿ ಒಂದು ಕಚೇರಿಗೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟಿದ್ದೆ. ಊರು, ಕಚೇರಿ ಯಾವುದು ಅಂತ ಕೇಳಬೇಡಿ, ತಪ್ಪು ನನ್ನದೇ. ಆಕ್ಸೆಸ್ ಫೈಲು ಇದ್ದ ಕಂಪ್ಯೂಟರಿನ ಹೆಸರನ್ನು ಪ್ರೋಗ್ರಾಮಿನ ಒಳಗೇ ಬರೆದುಬಿಟ್ಟಿದ್ದೆ. ಒಂದೂವರೆ ವರ್ಷ ಕಳೆದ ಮೇಲೆ ಆ ಕಂಪ್ಯೂಟರು ಕೈಕೊಟ್ಟಿತು. ಹೊಸದು ಬಂತು, ಬ್ಯಾಕಪ್ಪಿನಿಂದ ಫೈಲು ಹಾಕಿದ್ದೂ ಆಯ್ತು, ಆದರೆ ಉಳಿದ ಯಾವ ಕಂಪ್ಯೂಟರಿನಲ್ಲೂ ತಂತ್ರಾಂಶ ತೆರೆಯಲೇ ಇಲ್ಲ. ಅವತ್ತು ಸಂಬಳದ ಬಿಲ್ಲು ಮಾಡುವ ದಿನ ಬೇರೆ! ಸೋರ್ಸ್ ಕೋಡು ಇದ್ದದ್ದು ನನ್ನ ಮನೆಯಲ್ಲಿ, ನಾನಿದ್ದದ್ದು ಇನ್ನೊಂದು ಊರಿನಲ್ಲಿ. ಕೊನೆಗೆ ಅಲ್ಲಿಯ ಹಿರಿಯ ಗುಮಾಸ್ತರೊಬ್ಬರು ಫೋನಿನಲ್ಲಿ, "ಅಲ್ಲಾ ಸಾರ್, ಹಳೇದರ ಹೆಸರನ್ನೇ ಹೊಸದಕ್ಕೂ ಇಟ್ರೆ ಆಗಲ್ವಾ?" ಅಂದರು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. ಇಟ್ಟರು, ಫೋಲ್ಡರನ್ನೂ ಹಳೆಯ ಹೆಸರಿನಲ್ಲೇ ಶೇರ್ ಮಾಡಿದರು, ನಡೆಯಿತು.

ಕನೆಕ್ಷನ್ ಸ್ಟ್ರಿಂಗ್ ಅಂದರೆ ಇಷ್ಟೇ, ಡೇಟಾಬೇಸಿನ ವಿಳಾಸ. ಯಾವ ಸರ್ವರ್, ಯಾವ ಡೇಟಾಬೇಸ್, ಯಾರ ಹೆಸರಿನಲ್ಲಿ ಒಳಗೆ ಹೋಗಬೇಕು, ಪಾಸ್‌ವರ್ಡ್ ಏನು, ಎಲ್ಲವೂ ಅರ್ಧವಿರಾಮ ಹಾಕಿ ಬರೆದ ಒಂದೇ ಸಾಲಿನಲ್ಲಿ. ಈ ಸಾಲು ಎಲ್ಲಿರಬೇಕು, ಅದನ್ನು ಬದಲಿಸುವ ಹಕ್ಕು ಯಾರದು ಅನ್ನುವ ತಕರಾರಿಗೆ ಮೂವತ್ತು ವರ್ಷ ದಾಟಿದೆ.

1992ರಲ್ಲಿ ಮೈಕ್ರೋಸಾಫ್ಟ್ ಒಡಿಬಿಸಿ ತಂದಿತು. ಅದಕ್ಕೆ ಮೊದಲು ಒಂದೊಂದು ಡೇಟಾಬೇಸಿಗೂ ಅದರದೇ ಲೈಬ್ರರಿ, ಅದರದೇ ಮಡಿ ಮೈಲಿಗೆ. ಒಡಿಬಿಸಿಯಲ್ಲಿ ನನಗೆ ಇವತ್ತಿಗೂ ಇಷ್ಟವಾಗುವುದು ಡಿಎಸ್‌ಎನ್ ಎಂಬ ಏರ್ಪಾಟು. ಪ್ರೋಗ್ರಾಮಿಗೆ 'ಸಂಬಳ' ಅನ್ನುವ ಅಡ್ಡಹೆಸರೊಂದು ಗೊತ್ತಿದ್ದರೆ ಸಾಕು. ಆ ಸಂಬಳ ಯಾವ ಸರ್ವರಿನಲ್ಲಿದೆ ಅನ್ನುವುದನ್ನು ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಕಚೇರಿಯವರೇ ಹೇಳಬಹುದು. ವಿವರ ಸಾಲದಿದ್ದರೆ ಪ್ರೋಗ್ರಾಂ ಓಡುವಾಗಲೇ ಒಂದು ಕಿಟಕಿ ತೆರೆದು ಕೇಳುವ ಸೌಲಭ್ಯವೂ ಇತ್ತು. ಅಂದರೆ ನಾನು 2001ರಲ್ಲಿ ಮಾಡಿದ ತಪ್ಪಿಗೆ ಮದ್ದು ಒಂಬತ್ತು ವರ್ಷ ಮೊದಲೇ ಸಿದ್ಧವಾಗಿತ್ತು!

ಹಾಗಾದರೆ ಯಾಕೆ ಬಳಸಲಿಲ್ಲ? ಸೋಮಾರಿತನ ಒಂದು ಕಾರಣ. ಇನ್ನೊಂದು, ಡಿಎಸ್‌ಎನ್ ಅನ್ನು ಪ್ರತಿ ಕಂಪ್ಯೂಟರಿನಲ್ಲೂ ಕೂತು ಮಾಡಬೇಕಿತ್ತು. ಯೂಸರ್ ಡಿಎಸ್‌ಎನ್ ಮಾಡಿದರೆ ಬೇರೆಯವರು ಲಾಗಿನ್ ಆದಾಗ ಅದು ಕಾಣುತ್ತಿರಲಿಲ್ಲ, ಎಲ್ಲರಿಗೂ ಕಾಣಬೇಕಿದ್ದರೆ ಸಿಸ್ಟಮ್ ಡಿಎಸ್‌ಎನ್ನೇ ಬೇಕು. ಆ ಹೊತ್ತಿಗೆ, 1996ರಲ್ಲಿ, ಎಡಿಒ ಬಂದಿತ್ತು. ಇಡೀ ವಿಳಾಸವನ್ನು ಕೋಡಿನಲ್ಲೇ ಒಂದು ಸಾಲಾಗಿ ಬರೆಯುವುದು ಎಷ್ಟು ಸಲೀಸಾಯಿತೆಂದರೆ ನಾವೆಲ್ಲ ಹಾಗೇ ಬರೆದೆವು. ಎಡಿಒ ಜೊತೆ ಯುಡಿಎಲ್ ಅನ್ನುವ ಜಾಣ ಉಪಾಯವೂ ಇತ್ತು. ಖಾಲಿ ಟೆಕ್ಸ್ಟ್ ಫೈಲಿನ ಬಾಲವನ್ನು ಯುಡಿಎಲ್ ಅಂತ ಬದಲಿಸಿ ಎರಡು ಸಲ ಕ್ಲಿಕ್ಕಿಸಿದರೆ, ಸರ್ವರ್ ಆರಿಸುವ ಕಿಟಕಿ, ಪರೀಕ್ಷೆ ಮಾಡುವ ಬಟನ್ನು, ಎಲ್ಲ ಸಿದ್ಧ. ಪ್ರೋಗ್ರಾಂ ಆ ಫೈಲನ್ನು ತೋರಿಸಿದರೆ ಮುಗಿಯಿತು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ತಿಳಿಯುವ ಹೊತ್ತಿಗೆ ಡಾಟ್ ನೆಟ್ ಬಂದಿತ್ತು :)

ಕೋಡಿನೊಳಗೆ ಹುಗಿದ ಸಾಲಿನಲ್ಲಿ ಪಾಸ್‌ವರ್ಡೂ ಇರುತ್ತದಲ್ಲ, ಅದು ಇನ್ನೊಂದು ಕತೆ. ಎಷ್ಟೋ ಕಡೆ ಎಸ್‌ಕ್ಯುಎಲ್ ಸರ್ವರಿನ ಯಜಮಾನ ಖಾತೆ 'ಎಸ್‌ಎ'ಗೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಇಡೋಣವೆಂದರೆ ಕೋಡಿನಲ್ಲಿ ಖಾಲಿ ಪಾಸ್‌ವರ್ಡ್ ಬರೆದ ಪ್ರೋಗ್ರಾಮುಗಳೆಲ್ಲ ನಿಂತುಹೋಗುತ್ತವೆ, ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ. 2002ರ ಮೇ ತಿಂಗಳಲ್ಲಿ ಸ್ಪೈಡಾ ಎಂಬ ವರ್ಮು ಇಂಥ ಸರ್ವರುಗಳನ್ನೇ ಹುಡುಕಿಕೊಂಡು ಹೋಗಿ ತೆರೆದ ಬಾಗಿಲಿನಿಂದ ನುಗ್ಗಿತು.

ಅದೇ 2002ರಲ್ಲಿ ಡಾಟ್ ನೆಟ್ ಬಂತು, ವಿಳಾಸ ಪ್ರೋಗ್ರಾಮಿನ ಪಕ್ಕದ ಕಾನ್ಫಿಗ್ ಫೈಲಿಗೆ ಇಳಿಯಿತು. 2005ರ ಎರಡನೇ ಆವೃತ್ತಿಯಲ್ಲಿ ಕನೆಕ್ಷನ್ ಸ್ಟ್ರಿಂಗಿಗೇ ಪ್ರತ್ಯೇಕ ಜಾಗ ಕೊಟ್ಟರು. ನೋಟ್‌ಪ್ಯಾಡಿನಲ್ಲಿ ತಿದ್ದಿದರೆ ಆಯಿತು, ಕಂಪೈಲ್ ಬೇಡ. ಸಂತೋಷವೇ, ಆದರೆ ಪ್ರೋಗ್ರಾಂ ಓಡುತ್ತಿರುವಾಗ ಬದಲಿಸಬೇಕಿದ್ದರೆ? ವಿಷುಯಲ್ ಸ್ಟುಡಿಯೋ ತಾನಾಗಿ ಬರೆಯುವ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಸ್ಟ್ರಿಂಗನ್ನು ಓದಬಹುದು, ಬದಲಿಸುವಂತಿಲ್ಲ. ಅದರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಹಿತ್ತಲ ಬಾಗಿಲಿನಿಂದ ಬೆಲೆ ತುಂಬುವ ಉಪಾಯ ಬಾಯಿಂದ ಬಾಯಿಗೆ ಹರಡಿತು. ಅದು ಆ ಹೊತ್ತಿಗೆ ಮಾತ್ರ, ಪ್ರೋಗ್ರಾಂ ಮುಚ್ಚಿದರೆ ಮರೆತುಹೋಗುತ್ತದೆ.

ಉಳಿಯಲಿ ಅಂತ ಕಾನ್ಫಿಗ್ ಫೈಲಿಗೇ ಬರೆದೆ. ವಿಸ್ತಾ ಬಂದದ್ದೇ ಅದೂ ಕೆಟ್ಟಿತು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸಾಮಾನ್ಯ ಬಳಕೆದಾರ ಬರೆಯುವ ಹಾಗಿಲ್ಲ. ಹಳೆಯ ರೀತಿಯ ಪ್ರೋಗ್ರಾಂ ಬರೆಯಲು ಹೋದರೆ ವಿಸ್ತಾ ತಪ್ಪು ತೋರಿಸುವ ಬದಲು ಸದ್ದಿಲ್ಲದೆ ಆ ಬಳಕೆದಾರನ ವರ್ಚುವಲ್ ಸ್ಟೋರಿಗೆ ಒಂದು ಪ್ರತಿ ಇಡುತ್ತಿತ್ತು. ಬೆಳಗಿನ ಪಾಳಿಯವರಿಗೆ ಹೊಸ ಸರ್ವರ್, ಅದೇ ಕುರ್ಚಿಯಲ್ಲಿ ಕೂರುವ ಮಧ್ಯಾಹ್ನದವರಿಗೆ ಹಳೆಯದು. ಒಂದೇ ಕಂಪ್ಯೂಟರಿನಲ್ಲಿ ಎರಡು ಲೆಕ್ಕ! ಇದನ್ನು ಕಂಡುಹಿಡಿಯಲು ನನಗೆ ಎರಡು ದಿನ ಹಿಡಿಯಿತು.

ಬಳಕೆದಾರರೇ ಸರ್ವರ್ ಹೆಸರು, ಪಾಸ್‌ವರ್ಡ್ ತುಂಬುವ ಫಾರ್ಮು ಮಾಡಿದರೆ ಇನ್ನೊಂದು ಹಳ್ಳ. ಪಾಸ್‌ವರ್ಡಿನಲ್ಲೇ ಅರ್ಧವಿರಾಮ ಇದ್ದರೆ ಸಾಲು ಅಲ್ಲೇ ತುಂಡಾಗುತ್ತದೆ. ಬೇಕೆಂದೇ ಅಲ್ಲಿ ಇನ್ನೊಂದು ಸರ್ವರಿನ ಹೆಸರು ತುರುಕಿದರೆ, ಡಾಟ್ ನೆಟ್ಟಿನಲ್ಲಿ ಕೊನೆಗೆ ಬರೆದದ್ದೇ ಗೆಲ್ಲುತ್ತದೆ. ಒಡಿಬಿಸಿಯಲ್ಲಿ ಮೊದಲು ಬರೆದದ್ದು! ಈ ತಲೆನೋವಿಗೇ 2005ರಲ್ಲಿ ಕನೆಕ್ಷನ್ ಸ್ಟ್ರಿಂಗ್ ಬಿಲ್ಡರ್ ಕೊಟ್ಟರು. ತುಂಡುಗಳನ್ನು ನಾವು ಕೈಯಿಂದ ಅಂಟಿಸುವುದು ಬೇಡ, ಅದೇ ಜೋಡಿಸುತ್ತದೆ. ಈಗ ನಾನು ಅದರಿಂದಲೇ ಕಟ್ಟಿ, ಪರೀಕ್ಷಿಸಿ, ಎಲ್ಲ ಬಳಕೆದಾರರಿಗೂ ಸೇರಿದ ಪ್ರೋಗ್ರಾಂ ಡೇಟಾ ಫೋಲ್ಡರಿನ ಫೈಲಿನಲ್ಲಿ ಇಡುತ್ತೇನೆ. ಬರೆಯುವ ಅನುಮತಿಯನ್ನು ಇನ್‌ಸ್ಟಾಲ್ ಮಾಡುವಾಗಲೇ ಕೊಟ್ಟಿರುತ್ತೇನೆ.

ಹಳೆಯ ಒಡಿಬಿಸಿ ಸತ್ತಿಲ್ಲ. ವಿಂಡೋಸ್ 11ರಲ್ಲೂ ಅದರ ಐಕಾನುಗಳು ಎರಡಿವೆ, 32 ಬಿಟ್‌ಗೆ ಒಂದು, 64 ಬಿಟ್‌ಗೆ ಒಂದು. ಒಂದರಲ್ಲಿ ಮಾಡಿದ ಸಿಸ್ಟಮ್ ಡಿಎಸ್‌ಎನ್ ಇನ್ನೊಂದರ ಪ್ರೋಗ್ರಾಮಿಗೆ ಕಾಣದು. ಎರಡರ ಫೈಲಿನ ಹೆಸರಿನಲ್ಲೂ 32 ಅಂತಲೇ ಇದೆ, ಅದರಲ್ಲೂ 64 ಬಿಟ್ಟಿನದು ಇರುವುದು ಸಿಸ್ಟಮ್32 ಫೋಲ್ಡರಿನಲ್ಲಿ. ಹೆಸರು ಬದಲಿಸಿದರೆ ಯಾವ ಹಳೆಯ ಪ್ರೋಗ್ರಾಂ ಎಲ್ಲಿ ನಿಂತುಹೋಗುತ್ತದೋ ಅಂತ ಅವರೂ ಮುಟ್ಟಿಲ್ಲ ಅಂತ ಕಾಣುತ್ತದೆ.