ಮನೆಗಳ ಕಾಂಕ್ರೀಟಿನಲ್ಲಿ ಕಂಬಿಯ ತುಕ್ಕು

ಕಬ್ಬಿಣವನ್ನು ಸಿಮೆಂಟಿನಲ್ಲಿ ಹುದುಗಿಸುವ ಕೆಲಸ ಫ್ರಾನ್ಸಿನಲ್ಲಿ ದೋಣಿ, ಹೂಕುಂಡಗಳಿಂದ ಶುರುವಾಯಿತು. ಲಾಂಬೊ ಎಂಬಾತ 1848ರಲ್ಲಿ ಇಂಥ ದೋಣಿ ಮಾಡಿದ. ತೋಟಗಾರ ಜೋಸೆಫ್ ಮೋನಿಯೆ 1867ರಲ್ಲಿ ಗಿಡದ ತೊಟ್ಟಿಗಳಿಗೆ ಪೇಟೆಂಟ್ ಪಡೆದ. ಕಂಬ, ತೊಲೆ, ಸ್ಲ್ಯಾಬ್ ಒಂದಾಗಿ ಬೆಸೆಯುವ ಹೆನ್ನೆಬಿಕ್ ಪದ್ಧತಿ 1892ರದು. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕಿನ ಭಯವಿಲ್ಲ ಎಂಬ ನಂಬಿಕೆಯೂ ಜೊತೆಗೇ ಬೆಳೆಯಿತು.

ನಂಬಿಕೆ ಪೂರ್ತಿ ಸುಳ್ಳೇನಲ್ಲ. ಹೊಸ ಕಾಂಕ್ರೀಟಿನ ಪಿಎಚ್ 12.5ಕ್ಕೂ ಮೇಲಿರುತ್ತದೆ, ಆ ಕ್ಷಾರದಲ್ಲಿ ಕಂಬಿಯ ಮೈಗೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಕ್ಷಾರವನ್ನು ತಗ್ಗಿಸುತ್ತದೆ. ಪಿಎಚ್ 9ರ ಆಸುಪಾಸಿಗೆ ಬಂದರೆ ಪೊರೆ ಉಳಿಯದು. ಆಗಷ್ಟೇ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ಸಿಂಪಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಕ್ಷಾರ ಉಳಿದ ಕಡೆ ಗುಲಾಬಿ, ತಗ್ಗಿದ ಕಡೆ ಬಣ್ಣವೇ ಇಲ್ಲ. ತುಕ್ಕಿಗೆ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಕು. ಎಳೆತ ತಾಳದ ಕಾಂಕ್ರೀಟ್ ಕಂಬಿಯುದ್ದಕ್ಕೂ ಸೀಳುತ್ತದೆ. ಸಜ್ಜಾದ ಅಡಿಯಿಂದ ಹಕ್ಕಳೆ ಉದುರುವುದು ಆಗಲೇ.

ಉಪ್ಪಿನ ದಾರಿ ಬೇರೆ. ಕ್ಷಾರ ಇದ್ದರೂ ಕ್ಲೋರೈಡ್ ಪೊರೆಯನ್ನು ತೂತು ಮಾಡಿ ಕಂಬಿಯನ್ನು ಅಲ್ಲಲ್ಲಿ ಕೊರೆಯುತ್ತದೆ. ಕಟ್ಟುವವರೇ ಈ ಉಪ್ಪನ್ನು ಬೆರೆಸಿದ್ದೂ ಉಂಟು. ಚಳಿಯಲ್ಲಿ ಬೇಗ ಗಟ್ಟಿಯಾಗಲೆಂದು ಹಾಕುತ್ತಿದ್ದ ಕ್ಯಾಲ್ಸಿಯಂ ಕ್ಲೋರೈಡನ್ನು ಬ್ರಿಟನ್ 1977ರಲ್ಲಿ ಕಂಬಿಯಿರುವ ಕಾಂಕ್ರೀಟಿನಿಂದ ಹೊರಗಿಟ್ಟಿತು. ತೈವಾನಿನಲ್ಲಿ ತೊಳೆಯದ ಕಡಲ ಮರಳಿನಿಂದ ಕಟ್ಟಿದ ಮನೆಗಳಿಗೆ ‘ಕಡಲಮರಳಿನ ಮನೆ’ ಎಂಬ ಹೆಸರೇ ಬಿದ್ದಿದೆ.

ಹೊರಗಿನಿಂದ ಬರುವ ಎರಡನ್ನೂ ತಡೆಯುವುದು ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ. ಭಾರತದ ಕಾಂಕ್ರೀಟ್ ಸಂಹಿತೆ ಐಎಸ್ 456 1953ರಲ್ಲಿ ಬಂತು. ಅದರ 2000ದ ಪರಿಷ್ಕರಣೆಯಲ್ಲಿ ಈ ಹೊದಿಕೆ ಸೌಮ್ಯ ಹವೆಗೆ 20 ಮಿ.ಮೀ., ಕರಾವಳಿಯ ಗಾಳಿಗೆ ಮೈಯೊಡ್ಡಿದ ಕಡೆ 45 ಮಿ.ಮೀ. ಮಂಗಳೂರು, ಕಾರವಾರದ ಬಾಲ್ಕನಿಗಳು ಎರಡನೆಯ ಲೆಕ್ಕಕ್ಕೆ ಸೇರುತ್ತವೆ. ಸೈಟಿನಲ್ಲಿ ಈ ಅಳತೆಯನ್ನು ಕಾಯುವುದು ಕಂಬಿಯಡಿ ಇಡುವ ಪುಟ್ಟ ಕವರ್ ಬ್ಲಾಕು. ಬದಲಿಗೆ ಜಲ್ಲಿಚೂರು ಇಟ್ಟರೆ, ಕಾಂಕ್ರೀಟ್ ಸುರಿಯುವವರ ಓಡಾಟಕ್ಕೆ ಅದು ಜಾರಿ ಕಂಬಿ ಸೆಂಟ್ರಿಂಗ್ ಹಲಗೆಗೇ ತಾಗುತ್ತದೆ.

ಕಾಂಕ್ರೀಟ್ ಹಾಳಾಗುತ್ತಿದ್ದ ಕಟ್ಟಡ ಕುಸಿದದ್ದೂ ಉಂಟು. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 1981ರಲ್ಲಿ ಕಟ್ಟಿದ 12 ಮಹಡಿಯ ಚಾಂಪ್ಲೇನ್ ಟವರ್ಸ್ ಸೌತ್ 2021ರ ಜೂನ್ 24ರಂದು ಕುಸಿದು 98 ಮಂದಿ ಸತ್ತರು. ಈಜುಕೊಳದ ಅಂಗಳಕ್ಕೆ ಇಳಿಜಾರಿಲ್ಲ, ನೀರುತಡೆ ಪದರ ಕೆಟ್ಟಿದೆ, ಅಡಿಯ ಸ್ಲ್ಯಾಬ್ ಹಾಳಾಗುತ್ತಿದೆ ಎಂದು 2018ರ ಎಂಜಿನಿಯರ್ ವರದಿ ಹೇಳಿತ್ತು. ಹಾಗೆಂದು ಎಲ್ಲವನ್ನೂ ತುಕ್ಕಿನ ತಲೆಗೆ ಕಟ್ಟುವಂತಿಲ್ಲ; ಅಂಗಳದ ವಿನ್ಯಾಸವೇ ನಿಯಮಕ್ಕಿಂತ ದುರ್ಬಲವಾಗಿತ್ತೆಂದು ಸರ್ಕಾರಿ ತನಿಖೆ ಕಂಡುಕೊಂಡಿದೆ.

ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ವಸತಿ ಸಮುಚ್ಚಯದ ಒಂದು ಗೋಪುರದಲ್ಲಿ 2022ರ ಫೆಬ್ರವರಿಯಲ್ಲಿ ಮಹಡಿಗಳು ಕುಸಿದು ಇಬ್ಬರು ಸತ್ತರು. ಕಡಲು ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಆದರೂ ಐಐಟಿ ದೆಹಲಿಯ ತಜ್ಞರಿಗೆ ಕಾಂಕ್ರೀಟಿನಲ್ಲಿ ಕ್ಲೋರೈಡ್ ಸಿಕ್ಕಿತು. ಆ ಗೋಪುರ ದುರಸ್ತಿಗೆ ತಕ್ಕುದಲ್ಲ ಎಂದು ಅವರು ವರದಿ ಕೊಟ್ಟರು.