ಎತ್ತರದ ಕಟ್ಟಡಗಳು ಮತ್ತು ಒರಟು ಗಾಳಿ

1879ರ ಡಿಸೆಂಬರ್ 28, ಭಾನುವಾರ ರಾತ್ರಿ. ಸ್ಕಾಟ್ಲೆಂಡಿನ ಟೇ ನದಿಯ ಮೇಲಿನ ರೈಲು ಸೇತುವೆಯ ನಡುಭಾಗ ಬಿರುಗಾಳಿಗೆ ಕುಸಿಯಿತು. ಅದರ ಮೇಲೆ ಸಾಗುತ್ತಿದ್ದ ರೈಲು ನೀರಿಗೆ ಬಿತ್ತು. ರೈಲಿನಲ್ಲಿದ್ದ ಸುಮಾರು 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸೇತುವೆ ಬಳಕೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ವಿಚಾರಣೆಯಲ್ಲಿ ಎರಕದ ದೋಷಗಳು, ಉಸ್ತುವಾರಿಯ ಕೊರತೆ ಎಲ್ಲವೂ ಹೊರಬಂದವು. ಅವುಗಳೊಡನೆ ಇನ್ನೊಂದು ಸಂಗತಿಯೂ ತಿಳಿಯಿತು. ವಿನ್ಯಾಸಕಾರ ಥಾಮಸ್ ಬೌಚ್ ಗಾಳಿಯ ಒತ್ತಡಕ್ಕೆಂದು ಪ್ರತ್ಯೇಕವಾಗಿ ಏನನ್ನೂ ಲೆಕ್ಕ ಹಿಡಿದಿರಲಿಲ್ಲ.

ಈ ದುರಂತದ ನಂತರ ಬ್ರಿಟನ್ನಿನಲ್ಲಿ ಚದರ ಅಡಿಗೆ 56 ಪೌಂಡ್, ಅಂದರೆ ಚದರ ಮೀಟರಿಗೆ ಸುಮಾರು 2,700 ನ್ಯೂಟನ್ ಒತ್ತಡವನ್ನು ತಡೆಯುವಂತೆ ಸೇತುವೆ ಕಟ್ಟಬೇಕೆಂಬ ನಿಯಮ ಬಂತು. ಆದರೆ ಗಾಳಿ ಇಡೀ ಸೇತುವೆಯನ್ನು ಒಂದೇ ಬಾರಿಗೆ ಅಷ್ಟು ಬಲದಿಂದ ತಳ್ಳುತ್ತದೆಯೇ? ಫೋರ್ತ್ ಸೇತುವೆಯ ಎಂಜಿನಿಯರ್ ಬೆಂಜಮಿನ್ ಬೇಕರ್‌ಗೆ ಈ ಅನುಮಾನವಿತ್ತು. ಸೇತುವೆ ಕಟ್ಟಲಿದ್ದ ಜಾಗದ ಪುಟ್ಟ ದ್ವೀಪವೊಂದರಲ್ಲಿ ಅವನು 300 ಚದರ ಅಡಿಯ ದೊಡ್ಡ ಹಲಗೆಯನ್ನೂ ಒಂದೂವರೆ ಚದರ ಅಡಿಯ ಸಣ್ಣ ಹಲಗೆಗಳನ್ನೂ ನಿಲ್ಲಿಸಿ ಒತ್ತಡವನ್ನು ಅಳೆದ. ಗಾಳಿ ಒಂದೇ ಆಗಿದ್ದರೂ ದೊಡ್ಡ ಹಲಗೆಯ ಮೇಲೆ ಚದರ ಅಡಿಗೆ ಬಿದ್ದ ಒತ್ತಡ ಗಣನೀಯವಾಗಿ ಕಡಿಮೆಯಿತ್ತು.

ಗಾಳಿ ಒಂದೇ ಸಮನೆ ಬರುವ ಪ್ರವಾಹವಲ್ಲ, ಚಿಕ್ಕ ದೊಡ್ಡ ಬೀಸುಗಳ ಗುಂಪು ಎಂಬುದನ್ನು ಆ ಹಲಗೆಗಳು ಹೇಳುತ್ತಿದ್ದವು. ಸಣ್ಣ ಹಲಗೆಯನ್ನು ಒಂದು ಬೀಸು ಪೂರ್ತಿಯಾಗಿ ಆವರಿಸಬಲ್ಲುದು. ದೊಡ್ಡದರ ಒಂದು ಮೂಲೆಗೆ ಬಲವಾದ ಬೀಸು ತಾಗಿದ ಕ್ಷಣದಲ್ಲಿ ಇನ್ನೊಂದು ಮೂಲೆಯಲ್ಲಿ ಗಾಳಿ ಇಳಿದಿರುತ್ತದೆ. ಇಷ್ಟು ಸ್ಪಷ್ಟವಾದ ಸುಳಿವು ಸಿಕ್ಕಿದ್ದರೂ ಎಂಜಿನಿಯರುಗಳು ಮುಂದಿನ ಸುಮಾರು ಎಪ್ಪತ್ತು ವರ್ಷ ಗಾಳಿಯನ್ನು ಸ್ಥಿರವಾದ ಒಂದು ಸಂಖ್ಯೆಯಾಗಿಯೇ ಬಳಸಿದ್ದು ನನಗೆ ಆಶ್ಚರ್ಯ ತರುತ್ತದೆ.

ಇದಕ್ಕೆ ಒಂದು ಕಾರಣ ವಾಯು ಸುರಂಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಸುರಂಗಗಳು ವಿಮಾನಗಳಿಗಾಗಿ ರೂಪುಗೊಂಡವು. ವಿಮಾನ ಹಾರುವ ಎತ್ತರದಲ್ಲಿ ಗಾಳಿ ಬಹುಮಟ್ಟಿಗೆ ನಯವಾಗಿರುತ್ತದೆ. ಆದ್ದರಿಂದ ಸುರಂಗದೊಳಗಿನ ಗಾಳಿಯನ್ನು ಆದಷ್ಟು ನಯಗೊಳಿಸುವುದೇ ಒಳ್ಳೆಯ ಪ್ರಯೋಗಾಲಯದ ಲಕ್ಷಣವಾಯಿತು. ಕಟ್ಟಡಗಳ ಮಾದರಿಗಳನ್ನೂ ಅಂಥ ಗಾಳಿಯಲ್ಲೇ ಇಡಲಾಯಿತು. 1931ರಲ್ಲಿ ಪೂರ್ಣಗೊಂಡ, 381 ಮೀಟರ್ ಎತ್ತರದ ಎಂಪೈರ್ ಸ್ಟೇಟ್ ಕಟ್ಟಡದ ಮಾದರಿಯನ್ನು ಡ್ರೈಡನ್ ಮತ್ತು ಹಿಲ್ ಎಂಬವರು ಹೀಗೆ ಪರೀಕ್ಷಿಸಿ 1933ರಲ್ಲಿ ಫಲಿತಾಂಶ ಪ್ರಕಟಿಸಿದರು. ರಾತ್‌ಬನ್ ಎಂಬ ಎಂಜಿನಿಯರ್ ನಿಜವಾದ ಕಟ್ಟಡದ ಗೋಡೆಗಳ ಮೇಲೆಯೇ ಒತ್ತಡವನ್ನು ಅಳೆದು 1940ರಲ್ಲಿ ವರದಿ ಮಾಡಿದರು. ಎರಡೂ ಸರಿಯಾಗಿ ತಾಳೆಯಾಗಲಿಲ್ಲ.

(ಅದೇ 1940ರಲ್ಲಿ ಟಕೋಮಾ ತೂಗುಸೇತುವೆ ಮುರಿದು ಬಿತ್ತು. ಆ ಕಥೆ ಅನೇಕ ಭೌತವಿಜ್ಞಾನ ಪುಸ್ತಕಗಳಲ್ಲಿದೆ. ಅದನ್ನು ಸರಳ ಅನುರಣನೆಯ ಉದಾಹರಣೆಯೆಂದು ಪಾಠ ಮಾಡುವುದು ಮಾತ್ರ ಸರಿಯಲ್ಲ. ಅಲ್ಲಿ ಸೇತುವೆಯ ಚಲನೆಯೇ ಗಾಳಿಯ ಬಲವನ್ನು ಹೆಚ್ಚಿಸುತ್ತಾ ಹೋಯಿತು.)

ತಾಳೆಯಾಗದ ಲೆಕ್ಕದ ಗುಟ್ಟನ್ನು ಬಿಡಿಸಿದವರು ಡೆನ್ಮಾರ್ಕಿನ ಮಾರ್ಟಿನ್ ಜೆನ್ಸನ್. ನೆಲದ ಮೇಲಿನ ಹುಲ್ಲು, ಮರ, ಮನೆಗಳ ಘರ್ಷಣೆಯಿಂದ ಗಾಳಿಯ ಕೆಳಪದರ ನಿಧಾನವಾಗುತ್ತದೆ, ಜೊತೆಗೆ ಕದಡುತ್ತದೆ. ಈ ಸೀಮಾ ಪದರ ನೂರಾರು ಮೀಟರ್ ದಪ್ಪವಿರಬಹುದು. ನಮ್ಮ ಕಟ್ಟಡಗಳೆಲ್ಲ ಇರುವುದು ಅದರೊಳಗೇ. ಜೆನ್ಸನ್ ಒಂದು ಚಿಕ್ಕ ಮನೆಯ ಮೇಲೆ ನಿಜವಾದ ಗಾಳಿಯ ಒತ್ತಡವನ್ನು ಅಳೆದು, ಅದರ ಮಾದರಿಯನ್ನು ಸುರಂಗದಲ್ಲಿಟ್ಟರು. ಸುರಂಗದ ನೆಲ ನಯವಾಗಿದ್ದಾಗ ಅಳತೆಗಳು ಹೊಂದಲಿಲ್ಲ. ಮನೆಯನ್ನು ಕುಗ್ಗಿಸಿದ ಪ್ರಮಾಣದಲ್ಲೇ ನೆಲದ ಒರಟುತನವನ್ನೂ ಕುಗ್ಗಿಸಿ ಹಾಸಿದಾಗ ಹೊಂದಿದವು. 1958ರಲ್ಲಿ ಅವರು ಪ್ರಕಟಿಸಿದ ಈ ನಿಯಮ ಹೇಳಲು ಎಷ್ಟು ಸರಳ! ಕಟ್ಟಡದ ಮಾದರಿ ಮಾಡಿದರೆ ಸಾಲದು, ಗಾಳಿಯ ಮಾದರಿಯನ್ನೂ ಮಾಡಬೇಕು.

ಇದಕ್ಕೆ ಗಣಿತದ ರೂಪ ಕೊಟ್ಟವರಲ್ಲಿ ಮುಖ್ಯರು ಆಲನ್ ಡೇವನ್‌ಪೋರ್ಟ್ (1932–2009). ಹುಟ್ಟಿದ್ದು ಮದರಾಸಿನಲ್ಲಿ, ಕೆಲಸ ಮಾಡಿದ್ದು ಕೆನಡಾದಲ್ಲಿ. ಗಾಳಿಯ ಮುಂದಿನ ಬೀಸು ಯಾವಾಗ, ಎಷ್ಟು ಬಲವಾಗಿ ಬರುತ್ತದೆಂದು ಯಾರೂ ಹೇಳಲಾರರು. ಆದರೆ ಬೀಸುಗಳ ಸಂಖ್ಯಾಶಾಸ್ತ್ರವನ್ನು ಹೇಳಬಹುದು ಎಂಬುದು 1961ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು. ಗಾಳಿಯ ಏರಿಳಿತದಲ್ಲಿ ನಿಧಾನದ ಮತ್ತು ವೇಗದ ಅನೇಕ ಆವೃತ್ತಿಗಳು ಬೆರೆತಿರುತ್ತವೆ. ರೇಡಿಯೋ ತನಗೆ ಬೇಕಾದ ನಿಲಯವನ್ನು ಆರಿಸಿಕೊಳ್ಳುವಂತೆ ಕಟ್ಟಡ ಅವುಗಳಲ್ಲಿ ತನ್ನ ಸ್ವಾಭಾವಿಕ ಆವೃತ್ತಿಯದನ್ನು ಆರಿಸಿ, ಅದಕ್ಕೆ ತಕ್ಕಂತೆ ತೂಗಾಡುತ್ತದೆ. ಸರಾಸರಿ ಒತ್ತಡವನ್ನು ಎಷ್ಟರಿಂದ ಗುಣಿಸಿದರೆ ಈ ತೂಗಾಟವೂ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ಅವರು ರೂಪಿಸಿದ ಬೀಸುಗಾಳಿ ಗುಣಾಂಕ. 1965ರಲ್ಲಿ ಅವರು ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿ ಸೀಮಾ ಪದರ ವಾಯು ಸುರಂಗವನ್ನು ಸ್ಥಾಪಿಸಿದರು.

ಈ ಹೊಸ ವಿಧಾನಕ್ಕೆ ದೊಡ್ಡ ಪರೀಕ್ಷೆ ಆ ವೇಳೆಗಾಗಲೇ ಕಾದಿತ್ತು. ನ್ಯೂಯಾರ್ಕಿನಲ್ಲಿ ತಲಾ 110 ಅಂತಸ್ತಿನ ವಿಶ್ವ ವ್ಯಾಪಾರ ಕೇಂದ್ರದ ಎರಡು ಗೋಪುರಗಳು ಯೋಜನೆಯ ಹಂತದಲ್ಲಿದ್ದವು. ಹಳೆಯ ಗಗನಚುಂಬಿಗಳಲ್ಲಿ ಇಟ್ಟಿಗೆ, ಕಲ್ಲಿನ ಗೋಡೆಗಳ ತೂಕವೇ ತೂಗಾಟವನ್ನು ಹಿಡಿದಿಡುತ್ತಿತ್ತು. ಇವೋ ಹಗುರವಾದ ಉಕ್ಕಿನ ಕೊಳವೆಗಳು. ಎಂಜಿನಿಯರ್ ಲೆಸ್ಲಿ ರಾಬರ್ಟ್‌ಸನ್ ಡೇವನ್‌ಪೋರ್ಟರ ನೆರವು ಕೇಳಿದರು. ಕೊಲರಾಡೋದಲ್ಲಿ ಜಾಕ್ ಸರ್ಮಾಕ್ ಕಟ್ಟಿದ್ದ ಉದ್ದನೆಯ ಸುರಂಗದಲ್ಲಿ ಗೋಪುರಗಳ ಜೊತೆಗೆ ಸುತ್ತಲಿನ ನಗರದ ಮಾದರಿಯನ್ನೂ ಇಟ್ಟು ಪರೀಕ್ಷಿಸಲಾಯಿತು. ಗೋಪುರಗಳು ಗಾಳಿಯ ದಿಕ್ಕಿಗೆ ಮಾತ್ರವಲ್ಲ, ಅಡ್ಡಕ್ಕೂ ತೂಗಾಡಿದವು. ಕಟ್ಟಡದ ಎಡಬಲಗಳಿಂದ ಸರದಿಯಂತೆ ಕಳಚಿಕೊಳ್ಳುವ ಸುಳಿಗಳು ಅದನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಎಳೆಯುತ್ತವೆ.

ಕಟ್ಟಡ ಬೀಳುವುದಿಲ್ಲ ಎಂದು ಲೆಕ್ಕ ಹಾಕಬಹುದಿತ್ತು. ಆದರೆ ಒಳಗಿರುವ ಜನ ಎಷ್ಟು ತೂಗಾಟವನ್ನು ಸಹಿಸಿಯಾರು? ಇದಕ್ಕೆ ಯಾವ ಪುಸ್ತಕದಲ್ಲೂ ನೆಚ್ಚಬಹುದಾದ ಉತ್ತರವಿರಲಿಲ್ಲ. 1965ರಲ್ಲಿ ಓರೆಗಾನ್ ರಾಜ್ಯದ ಯೂಜೀನ್ ಪಟ್ಟಣದಲ್ಲಿ ಉಚಿತ ಕಣ್ಣು ತಪಾಸಣೆಯ ಪ್ರಕಟಣೆ ಹೊರಟಿತು. ಬಂದವರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ, ಗೋಡೆಯ ಮೇಲೆ ತೋರಿಸಿದ ತ್ರಿಕೋನಗಳ ಎತ್ತರವನ್ನು ಅಂದಾಜಿಸುವಂತೆ ಕೇಳಲಾಗುತ್ತಿತ್ತು. ಅವರಿಗೆ ಗೊತ್ತಿಲ್ಲದಂತೆ ಆ ಕೋಣೆಯೇ ನಿಧಾನವಾಗಿ ಅತ್ತಿತ್ತ ಸರಿಯುತ್ತಿತ್ತು. ಮನಶ್ಶಾಸ್ತ್ರಜ್ಞ ಪಾಲ್ ಹಾಫ್‌ಮನ್ ಕಂಡುಕೊಂಡದ್ದು ಯೋಜಕರಿಗೆ ಹಿತವಾದ ಸುದ್ದಿಯಾಗಿರಲಿಲ್ಲ. ಎಂಜಿನಿಯರುಗಳು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಚಲನೆಯಲ್ಲೇ ಜನರಿಗೆ ತಲೆ ತಿರುಗುತ್ತಿತ್ತು. ತಿಳಿಸದೆ ಇಂಥ ಪ್ರಯೋಗ ಮಾಡಲು ಇಂದಿನ ನೀತಿ ಸಮಿತಿಗಳು ಸುಲಭವಾಗಿ ಒಪ್ಪಲಾರವು. ಆದರೆ ತಿಳಿಸಿದ್ದರೆ ಎಲ್ಲರೂ ತೂಗಾಟವನ್ನೇ ಕಾಯುತ್ತಿದ್ದರು, ಫಲಿತಾಂಶ ಕೆಡುತ್ತಿತ್ತು ಎಂಬುದೂ ನಿಜ.

ನಮ್ಮ ದೇಹ ಗ್ರಹಿಸುವುದು ಮುಖ್ಯವಾಗಿ ದೂರವನ್ನಲ್ಲ, ವೇಗೋತ್ಕರ್ಷವನ್ನು. ಸರಳ ಸಂಗತ ಚಲನೆಯ ಸೂತ್ರದಿಂದ ವಿದ್ಯಾರ್ಥಿಗಳೇ ಲೆಕ್ಕ ಮಾಡಬಹುದು. ಆ ಗೋಪುರಗಳ ಆಂದೋಲನದ ಅವಧಿ ಸುಮಾರು 11 ಸೆಕೆಂಡು. ಪಾರ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಗರಿಷ್ಠ ವೇಗೋತ್ಕರ್ಷ 4π² × 0.3 ÷ 121, ಅಂದರೆ 0.1 ಮೀ/ಸೆ². ಇದು ಗುರುತ್ವದ ನೂರನೆಯ ಒಂದು ಭಾಗ. ಇಷ್ಟಾದರೂ ಅನೇಕರಿಗೆ ಗೊತ್ತಾಗುತ್ತದೆ.

ರಾಬರ್ಟ್‌ಸನ್ ಕಂಡುಕೊಂಡ ಪರಿಹಾರ ಶಮನಕಗಳು. ನೆಲದ ಉಕ್ಕಿನ ಚೌಕಟ್ಟು ಹೊರಗಿನ ಕಂಬಗಳನ್ನು ಸೇರುವಲ್ಲಿ, ರಬ್ಬರಿನಂಥ ಅಂಟುವಸ್ತುವನ್ನು ಉಕ್ಕಿನ ಪಟ್ಟಿಗಳ ನಡುವೆ ಸೇರಿಸಿದ ಬಿಡಿಭಾಗಗಳನ್ನು ಜೋಡಿಸಲಾಯಿತು. ಪ್ರತಿ ಗೋಪುರಕ್ಕೂ ಇವು ಸುಮಾರು 10,000. ಕಟ್ಟಡ ತೂಗಾಡಿದಾಗ ಆ ವಸ್ತು ಜಗ್ಗಿ, ಚಲನೆಯ ಶಕ್ತಿಯನ್ನು ಉಷ್ಣವಾಗಿಸುತ್ತಿತ್ತು. ಗಗನಚುಂಬಿಯೊಂದರ ವಿನ್ಯಾಸದಲ್ಲೇ ಇವು ಸೇರಿದ್ದು ಅದೇ ಮೊದಲು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಗೋಪುರಗಳು ನಾಶವಾದವು. ಅಲ್ಲಿಯವರೆಗಿನ ಮೂರು ದಶಕಗಳ ಬಿರುಗಾಳಿಗಳನ್ನು ಅವು ತಡೆದು ನಿಂತಿದ್ದವು.

ಡೇವನ್‌ಪೋರ್ಟರ ವಿಚಾರ ಅವರು ಹುಟ್ಟಿದ ದೇಶಕ್ಕೂ ಬಂದಿದೆ. ಭಾರತೀಯ ಮಾನಕ 875ರ ಮೂರನೆಯ ಭಾಗ 1987ರ ಆವೃತ್ತಿಯಲ್ಲೇ ಬೀಸುಗಾಳಿ ಗುಣಾಂಕ ವಿಧಾನವನ್ನು ಸೇರಿಸಿಕೊಂಡಿತು. 2015ರಲ್ಲಿ ಅದು ಪರಿಷ್ಕಾರಗೊಂಡಿತು. ಅದರ ಪ್ರಕಾರ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಚೆನ್ನೈನ ಗಾಳಿ ಬೆಂಗಳೂರಿನದಕ್ಕಿಂತ ಸುಮಾರು 2.3 ಪಟ್ಟು ಬಲವಾಗಿ ತಳ್ಳುತ್ತದೆ. ಎತ್ತರವು ಕನಿಷ್ಠ ಅಗಲದ ಐದು ಪಟ್ಟನ್ನು ಮೀರಿದರೆ, ಅಥವಾ ಸ್ವಾಭಾವಿಕ ಆವೃತ್ತಿ 1 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ, ಈ ಸ್ಥಿರ ಒತ್ತಡದ ಲೆಕ್ಕವೊಂದೇ ಸಾಲದು. ಅಂಥ ಕಟ್ಟಡದ ತೂಗಾಟವನ್ನೂ ಪರಿಶೀಲಿಸಬೇಕು.