ಹೆಬ್ಬೆಟ್ಟಿನ ಚರಿತ್ರೆ: ಜಂಗೀಪುರದ ಕಾಂಟ್ರಾಕ್ಟ್‌ನಿಂದ ಆಧಾರ್ ಕಾರ್ಡ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ನಮ್ಮ ಕಡೆ ಓದು ಬರಹ ಬಾರದವರನ್ನು ‘ಹೆಬ್ಬೆಟ್ಟು’ ಅಂತ ಹೀಯಾಳಿಸೋದು ಹಳೇ ಚಾಳಿ. ಸಹಿ ಹಾಕೋಕೆ ಬರಲ್ಲ, ಬೆಟ್ಟು ಒತ್ತುತ್ತಾನೆ ಅಂತ ನಗ್ತಿದ್ರು. ಈಗ ನೋಡಿ, ಡಿಗ್ರಿ ಮೇಲೆ ಡಿಗ್ರಿ ಮಾಡಿದವರೂ ಮಷೀನ್ ಮುಂದೆ ನಿಂತು ಬೆಟ್ಟು ಒತ್ತುತ್ತಿದ್ದೇವೆ. ಇಡೀ ದೇಶವೇ ಹೆಬ್ಬೆಟ್ಟು! ಇದು ಹೇಗಾಯ್ತು? ಇವತ್ತಿನ ಕಥೆ ಅದೇ.

ಶುರು ಮಾಡೋಕೆ ಮುಂಚೆ ಒಂದು ವಿಷಯ ನೆನಪಲ್ಲಿಟ್ಕೊಳ್ಳಿ. ಮೊದಮೊದಲು ಆಧಾರ್‌ಗೆ ಅರ್ಜಿ ಹಾಕಿದಾಗ ಕೊಡ್ತಿದ್ದ ಫಾರಂ ಮೇಲೆ, ಈ ನೋಂದಣಿ ಉಚಿತ ಮತ್ತು ಐಚ್ಛಿಕ ಅಂತ ಅಚ್ಚಾಗಿತ್ತು. ಐಚ್ಛಿಕ ಅಂದ್ರೆ ಇಷ್ಟ ಇದ್ರೆ ಮಾಡಿಸಿ, ಇಲ್ಲಾಂದ್ರೆ ಬಿಡಿ. ಈ ಒಂದು ಪದದ ಸುತ್ತ ನೂರು ವರ್ಷಕ್ಕೂ ಹಳೆಯ ಜಗಳ ಇದೆ.

ವರ್ಷ 1858. ಬಂಗಾಳದ ಜಂಗೀಪುರ. ವಿಲಿಯಂ ಹರ್ಷೆಲ್ ಅನ್ನೋ ಯುವ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಗೆ ಒಬ್ಬ ಸ್ಥಳೀಯ ಗುತ್ತಿಗೆದಾರನ ಜೊತೆ ಕರಾರು ಮಾಡ್ಕೊಳ್ತಿದ್ದ. ಗುತ್ತಿಗೆದಾರನ ಹೆಸರು ರಾಜ್ಯಧರ ಕೋನಾಯಿ. ನಾಳೆ ಈ ಮನುಷ್ಯ ಸಹಿ ನನ್ನದಲ್ಲ ಅಂದ್ಬಿಟ್ರೆ? ಹರ್ಷೆಲ್‌ಗೆ ಒಂದು ಉಪಾಯ ಹೊಳೀತು. ಕೋನಾಯಿಯ ಅಂಗೈಗೆ ಮಸಿ ಬಳಿದು ಕರಾರು ಪತ್ರದ ಹಿಂದೆ ಒತ್ತಿಸಿಕೊಂಡ. ಆಗ ಅದು ವಿಜ್ಞಾನ ಏನಲ್ಲ, ಸುಮ್ನೆ ಹೆದರಿಸೋ ತಂತ್ರ. ಆಮೇಲೆ ಆತ ವರ್ಷಗಟ್ಟಲೆ ಬೆರಳಚ್ಚು ಸಂಗ್ರಹಿಸಿ, ಗೆರೆಗಳು ಬದಲಾಗಲ್ಲ ಅನ್ನೋದನ್ನ ಗಮನಿಸಿದ.

1877ರಲ್ಲಿ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಹರ್ಷೆಲ್ ಇದನ್ನ ಆಡಳಿತಕ್ಕೇ ತಂದ. ಎಲ್ಲೆಲ್ಲಿ ಗೊತ್ತಾ? ಪತ್ರಗಳ ನೋಂದಣಿಯಲ್ಲಿ, ಜೈಲಿನಲ್ಲಿ, ಮತ್ತೆ ಪಿಂಚಣಿಯಲ್ಲಿ. ಪಿಂಚಣಿದಾರ ಸತ್ತ ಮೇಲೂ ಬೇರೆಯವರು ಬಂದು ದುಡ್ಡು ತಗೊಂಡು ಹೋಗ್ತಾರೆ ಅನ್ನೋ ಅನುಮಾನ ಸರ್ಕಾರಕ್ಕೆ. ಎಲ್ಲೋ ಕೇಳಿದಂಗಿದೆ ಅಲ್ವಾ? ಇವತ್ತಿನ ‘ನಕಲಿ ಫಲಾನುಭವಿ’ ಅನ್ನೋ ಮಾತಿಗೆ ಹೆಚ್ಚುಕಡಿಮೆ ನೂರೈವತ್ತು ವರ್ಷ ವಯಸ್ಸು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಸಾವಿರಾರು ಬೆರಳಚ್ಚುಗಳಲ್ಲಿ ಬೇಕಾದ್ದನ್ನ ಹುಡುಕೋ ವರ್ಗೀಕರಣ ಪದ್ಧತಿ ರೂಪಿಸಿದ ಕೆಲಸದಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಭಾರತೀಯರ ಪಾಲು ದೊಡ್ಡದು. ಪದ್ಧತಿಗೆ ಹೆಸರು ಬಂದಿದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದ್ದು.

ಈಗ ದಕ್ಷಿಣ ಆಫ್ರಿಕಾಕ್ಕೆ ಹೋಗೋಣ. 1906ರಲ್ಲಿ ಟ್ರಾನ್ಸ್‌ವಾಲ್ ಸರ್ಕಾರ ಒಂದು ಕಾನೂನಿಗೆ ಹೊರಟಿತು: ಅಲ್ಲಿರೋ ಏಷ್ಯಾದವರು ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಪೊಲೀಸರು ಕೇಳಿದಾಗ ಪ್ರಮಾಣಪತ್ರ ತೋರಿಸಬೇಕು. ಮೋಹನದಾಸ ಗಾಂಧಿ ಅನ್ನೋ ವಕೀಲ ಇದನ್ನ ವಿರೋಧಿಸಿದರು. ಸತ್ಯಾಗ್ರಹ ಅನ್ನೋ ಪದ ಹುಟ್ಟಿದ್ದೇ ಈ ಹೋರಾಟದಲ್ಲಿ. ಅಂದ್ರೆ ಸತ್ಯಾಗ್ರಹದ ಬೇರಿನಲ್ಲಿ ಉಪ್ಪಿಗಿಂತ ಮುಂಚೆ ಇದ್ದದ್ದು ಗುರುತಿನ ಚೀಟಿ!

ಆದ್ರೆ ಕಥೆಯ ಸೂಕ್ಷ್ಮ ಮುಂದಿದೆ. 1908ರ ಜನವರಿಯಲ್ಲಿ ಒಂದು ರಾಜಿ ಆಯ್ತು. ಭಾರತೀಯರು ಸ್ವಇಚ್ಛೆಯಿಂದ ನೋಂದಣಿ ಮಾಡಿಸಿಕೊಂಡ್ರೆ ಕಡ್ಡಾಯದ ಕಾನೂನು ಹೋಗುತ್ತೆ ಅಂತ ಗಾಂಧೀಜಿ ನಂಬಿದರು. ಫೆಬ್ರವರಿ 10ರಂದು ತಾವೇ ಹೊರಟರು. ನಮ್ಮನ್ನ ಮಾರಿಬಿಟ್ಟರು ಅಂತ ಸಿಟ್ಟಾದ ಮೀರ್ ಆಲಂ ಅನ್ನೋ ಪಠಾಣ ದಾರಿಯಲ್ಲೇ ಅವರನ್ನ ಹೊಡೆದು ಕೆಡವಿದ. ಗಾಂಧೀಜಿ ಹಾಸಿಗೆಯಲ್ಲಿ ಮಲಗಿಕೊಂಡೇ ಬೆರಳಚ್ಚು ಕೊಟ್ಟರು. ಕಾನೂನು ಮಾತ್ರ ಹೋಗಲಿಲ್ಲ. ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನ ಹಮೀದಿಯಾ ಮಸೀದಿ ಬಳಿ 2,000ಕ್ಕೂ ಹೆಚ್ಚು ಪ್ರಮಾಣಪತ್ರಗಳಿಗೆ ಬೆಂಕಿ ಬಿತ್ತು. ಬೆರಳಚ್ಚು ಅದೇ, ಬೆರಳೂ ಅದೇ. ಇಷ್ಟಪಟ್ಟು ಕೊಟ್ರೆ ಒಂದು ಅರ್ಥ, ಕೊಡದಿದ್ರೆ ಶಿಕ್ಷೆ ಅಂದಾಗ ಇನ್ನೊಂದು ಅರ್ಥ. ವ್ಯತ್ಯಾಸ ಇರೋದು ಅಲ್ಲೇ.

ಸ್ವತಂತ್ರ ಭಾರತಕ್ಕೆ ಬರೋಣ. ರೇಷನ್ ಕಾರ್ಡು, ಪ್ಯಾನ್ ಕಾರ್ಡು, ಟಿ.ಎನ್. ಶೇಷನ್ ಕಾಲದ ಮತದಾರರ ಚೀಟಿ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್ ಬಂತು. ಎಲ್ಲರಿಗೂ ಒಂದೇ ಗುರುತು ಅನ್ನೋ ಮಾತು ಜೋರಾಗಿದ್ದು 1999ರ ಕಾರ್ಗಿಲ್ ಯುದ್ಧದ ನಂತರ. ಕಾರ್ಗಿಲ್ ಪರಿಶೀಲನಾ ಸಮಿತಿ ಗಡಿ ಹಳ್ಳಿಗಳ ಜನರಿಗೆ ಗುರುತಿನ ಚೀಟಿ ಕೊಡಿ ಅಂದಿತ್ತು. ಅಂದ್ರೆ ಮೊದಲ ಯೋಚನೆ ಭದ್ರತೆಯದ್ದು. 2009ರ ಜನವರಿಯಲ್ಲಿ ಯುಐಡಿಎಐ ಹುಟ್ಟೋ ಹೊತ್ತಿಗೆ ಭಾಷೆ ಬದಲಾಗಿತ್ತು. ಈಗ ಮಾತು ಬಡವರಿಗೆ ಸೌಲಭ್ಯ ತಲುಪಿಸೋದರ ಬಗ್ಗೆ. ಅದೇ ವರ್ಷ ಇನ್ಫೋಸಿಸ್ ಬಿಟ್ಟು ಬಂದ ಬೆಂಗಳೂರಿನ ನಂದನ್ ನಿಲೇಕಣಿ ಅಧ್ಯಕ್ಷರಾದರು.

2010ರಲ್ಲಿ ಆಂಧ್ರಪ್ರದೇಶ, ಬಿಹಾರ ಮತ್ತು ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಪ್ರಯೋಗ ನಡೀತು. ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭ್ಲಿ ಅನ್ನೋ ಆದಿವಾಸಿ ಹಳ್ಳಿಯಲ್ಲಿ ಒಬ್ಬ ಮಹಿಳೆಗೆ ಮೊದಲ ಆಧಾರ್ ಸಂಖ್ಯೆ ಸಿಕ್ತು. ಕೇವಲ ಐದೂವರೆ ವರ್ಷದಲ್ಲಿ, 2016ರ ಏಪ್ರಿಲ್‌ಗೆ, ಅದು 100 ಕೋಟಿ ಮುಟ್ಟಿತು. ತಮಾಷೆ ಏನಂದ್ರೆ, ತೆಂಭ್ಲಿಯಲ್ಲಿ ಕಾರ್ಡ್ ಕೊಡ್ತಿದ್ದ ಹೊತ್ತಿಗೇ ಬ್ರಿಟನ್ ತನ್ನ ರಾಷ್ಟ್ರೀಯ ಗುರುತಿನ ಚೀಟಿಯನ್ನ ರದ್ದು ಮಾಡ್ತಿತ್ತು. ಅಲ್ಲಿ ಅಷ್ಟರಲ್ಲಿ ಕೊಟ್ಟಿದ್ದು ಸುಮಾರು 15,000 ಕಾರ್ಡ್ ಮಾತ್ರ. 2011ರ ಫೆಬ್ರವರಿಯಲ್ಲಿ ಹಾರ್ಡ್ ಡಿಸ್ಕ್‌ಗಳನ್ನೇ ಪುಡಿ ಮಾಡಿದರು. ಬಂಗಾಳದಲ್ಲಿ ಬೆರಳಚ್ಚು ಶುರು ಮಾಡಿದ್ದೂ ಅವರೇ, ಸ್ವಂತ ಮನೆಯಲ್ಲಿ ಬೇಡ ಅಂದಿದ್ದೂ ಅವರೇ.

ಅರ್ಜಿ ಹಾಕಿದಾಗ ಏನಾಗುತ್ತೆ? ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಫೋಟೋ. ಒಂದು ದಾಖಲೆಯೂ ಇಲ್ಲದವರನ್ನ ಪರಿಚಯಿಸೋಕೆ ‘ಪರಿಚಯಕಾರ’ ಅನ್ನೋ ವ್ಯವಸ್ಥೆ ಇಟ್ಟಿದ್ರು. ಬೀದಿಯಲ್ಲಿ ಬದುಕೋರಿಗೆ, ಅಲೆಮಾರಿಗಳಿಗೆ ಇದು ನಿಜಕ್ಕೂ ದೊಡ್ಡ ವಿಷಯ. ಆಮೇಲೆ ಕಂಪ್ಯೂಟರ್ ನಿಮ್ಮ ಬೆರಳು, ಕಣ್ಣನ್ನ ಈಗಾಗಲೇ ನೋಂದಣಿ ಆದವರ ಜೊತೆ ಹೋಲಿಸಿ ನೋಡುತ್ತೆ. ಎಲ್ಲೂ ಹೊಂದದಿದ್ರೆ 12 ಅಂಕಿ ಬರುತ್ತೆ. ಮೊದಲ ಅಂಕಿ 0 ಅಥವಾ 1 ಇರಲ್ಲ, ಕೊನೆಯದ್ದು ಟೈಪಿಂಗ್ ತಪ್ಪು ಹಿಡಿಯೋ ಅಂಕಿ. ಲೆಕ್ಕ ಹಾಕಿದ್ರೆ 8,000 ಕೋಟಿ ಸಂಖ್ಯೆಗಳಿಗೆ ಜಾಗ ಇದೆ. ಇನ್ನೊಂದು, ಆಧಾರ್ ಪೌರತ್ವದ ಪುರಾವೆ ಅಲ್ಲ. ಅದು ಇಲ್ಲಿ ವಾಸ ಇರೋರಿಗೆ ಕೊಡೋ ಗುರುತು.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಒಂದೇ ವೋಚರ್ ಎರಡು ಸಲ ಎಂಟ್ರಿ ಆದ್ರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗೇ ಆಗುತ್ತೆ, ತಪ್ಪು ಒಳಗೇ ಕೂತಿರುತ್ತೆ. ಡೂಪ್ಲಿಕೇಟ್ ರೇಷನ್ ಕಾರ್ಡೂ ಹಾಗೇ. ಆಧಾರ್ ಕಟ್ಟಿದ್ದು ಅದನ್ನ ಹಿಡಿಯೋಕೆ, ಆ ಉದ್ದೇಶ ನ್ಯಾಯವಾದದ್ದೇ. ಆದ್ರೆ ಇನ್ನೊಂದು ಬಗೆಯ ತಪ್ಪಿದೆ: ಎಂಟ್ರಿಯೇ ಆಗದೆ ಬಿಟ್ಟುಹೋದದ್ದು. ಅದಕ್ಕೂ ಟ್ಯಾಲಿ ಆಗುತ್ತೆ. ಬಿಟ್ಟುಹೋದವರು ಪುಸ್ತಕದಲ್ಲಿ ಕಾಣೋದೇ ಇಲ್ಲ.

ತಿಪಟೂರಿನ ಹತ್ತಿರ ನಮ್ಮಜ್ಜಿ ಇದ್ದಾರೆ. ಜೀವನ ಪೂರ್ತಿ ಕಾಯಿ ಸುಲಿದು, ನಾರು ಹೊಸೆದ ಕೈ. ಬೆರಳಿನ ಗೆರೆ ಸವೆದು ನುಣ್ಣಗಾಗಿದೆ. ಒಂದು ತಿಂಗಳು ರೇಷನ್ ಅಂಗಡಿಯಲ್ಲಿ ಥಂಬ್ ತಗೊಳ್ಳಲೇ ಇಲ್ಲ. ‘ಅಜ್ಜಿ, ಇನ್ನೊಂದ್ ಸಲ ಇಡಿ’ ಅಂತ ಅಂಗಡಿಯವರು ಹೇಳ್ತಾನೇ ಇದ್ರು. ಬೆರಳು ಒರೆಸಿ, ಒದ್ದೆ ಮಾಡಿ, ಮತ್ತೆ ಒರೆಸಿ ಸಾಕಾಗಿ ಅಜ್ಜಿ ಕೇಳಿದ್ರಂತೆ: ‘ಅಲ್ಲಪ್ಪಾ, ಅಕ್ಕಿ ಕೊಡೋದು ನನಗೋ, ಈ ಬೆಟ್ಟಿಗೋ?’ ಆಮೇಲೆ ಮಾವನ ಫೋನಿಗೆ ಓಟಿಪಿ ಬಂದು ಅಕ್ಕಿ ಸಿಕ್ತು. ಫೋನ್ ಹಿಡಿಯೋ ಮಾವ ಮನೆಯಲ್ಲಿದ್ರು. ಇಲ್ಲದವರ ಮನೆಯಲ್ಲಿ?

2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್‌ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿ ತೀರಿಕೊಂಡಳು. ಆಧಾರ್ ಜೋಡಣೆ ಆಗಿಲ್ಲ ಅಂತ ರೇಷನ್ ನಿಂತುಹೋಗಿತ್ತು, ಮಗು ಹಸಿವಿನಿಂದ ಸತ್ತಿತು ಅಂತ ತಾಯಿ ಹೇಳಿದರು. ಸಾವಿಗೆ ಮಲೇರಿಯಾ ಕಾರಣ ಅಂತ ಆಡಳಿತ ಹೇಳಿತು. ಇಂಥ ವಾದಗಳ ನಡುವೆಯೇ ಪ್ರಕರಣ ಸುಪ್ರೀಂ ಕೋರ್ಟಲ್ಲಿತ್ತು.

ಅದನ್ನ ಅಲ್ಲಿಗೆ ಒಯ್ದವರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ಸಂಸತ್ತಿನ ಸ್ಥಾಯಿ ಸಮಿತಿ 2011ರಲ್ಲೇ ಮಸೂದೆ ಒಪ್ಪಿರಲಿಲ್ಲ. ಕಾನೂನೇ ಇಲ್ಲದೆ ಜನರ ಬೆರಳಚ್ಚು ತಗೊಳ್ಳೋದು ಹೇಗೆ ಅನ್ನೋದು ಅವರ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ ಸರ್ಕಾರ ವಾದಿಸಿತು. ಅದಕ್ಕೆ 1954ರಲ್ಲಿ 8 ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನ ಆಧಾರ ಇತ್ತು. ಹಾಗಾಗಿ 9 ಜನರ ಪೀಠ ಕೂರಬೇಕಾಯ್ತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಇವತ್ತು ನಿಮ್ಮ ಫೋನಿನ ಡೇಟಾ ಬಗ್ಗೆ ಯಾರು ಕೋರ್ಟಿಗೆ ಹೋದ್ರೂ ನೆನೆಯೋ ಹೆಸರು ಪುಟ್ಟಸ್ವಾಮಿ. 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆಧಾರ್ ಮಾತ್ರ ಉಳಿಯಿತು. ಅಷ್ಟರಲ್ಲಿ 2016ರಲ್ಲಿ ಕಾಯ್ದೆ ಬಂದಿತ್ತು. 2018ರ ಸೆಪ್ಟೆಂಬರ್ 26ರಂದು 4–1ರ ತೀರ್ಪು: ಸರ್ಕಾರದ ಸಹಾಯಧನಕ್ಕೆ, ಪ್ಯಾನ್ ಜೋಡಣೆಗೆ ಆಧಾರ್ ಕೇಳಬಹುದು, ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಮಾಡುವಂತಿಲ್ಲ. ಬೆರಳು ಹೊಂದಲಿಲ್ಲ ಅಂತ ಅರ್ಹರಿಗೆ ಸೌಲಭ್ಯ ನಿಲ್ಲಿಸಬಾರದು ಅಂತಲೂ ಕೋರ್ಟ್ ಹೇಳಿತು. ಒಪ್ಪದ ಒಬ್ಬರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್.

ಹಾಗಾದ್ರೆ ಆ ಫಾರಂ ಮೇಲಿದ್ದ ‘ಐಚ್ಛಿಕ’ ಅನ್ನೋ ಪದ ಸುಳ್ಳಾ? ನನ್ನ ಅಭಿಪ್ರಾಯ ಇಷ್ಟು. ತಿಂಗಳ ಸಂಬಳ ಬರೋರಿಗೆ ಅದು ಸ್ವಲ್ಪ ಮಟ್ಟಿಗಾದ್ರೂ ನಿಜ. ಸಿಮ್ ಅಂಗಡಿಯಲ್ಲಿ ಲೈಸೆನ್ಸ್ ತೋರಿಸ್ತೀನಿ ಅಂತ ವಾದ ಮಾಡಬಹುದು. ರೇಷನ್ ಅಕ್ಕಿ ನಂಬಿರೋರಿಗೆ ಆ ಪದಕ್ಕೆ ಅರ್ಥವೇ ಇಲ್ಲ. ಬೇಡ ಅನ್ನೋ ಶಕ್ತಿ ಇದ್ದವನಿಗೆ ಮಾತ್ರ ‘ಇಷ್ಟ ಇದ್ರೆ’ ಅನ್ನೋ ಮಾತು ಅನ್ವಯಿಸುತ್ತೆ. ಆಧಾರ್ ಬೇಡ ಅನ್ನೋದು ನನ್ನ ವಾದ ಅಲ್ಲ. ಮಷೀನ್ ‘ಇಲ್ಲ’ ಅಂದಾಗ ‘ಹೌದು, ಇವರೇ’ ಅನ್ನೋಕೆ ಒಬ್ಬ ಮನುಷ್ಯನಿಗೆ ಅಧಿಕಾರ ಇರಬೇಕು. ನೋಂದಣಿಗೆ ಪರಿಚಯಕಾರ ಸಾಕು ಅಂದವರು, ಅಕ್ಕಿ ಕೊಡುವಾಗಲೂ ಅದೇ ನಂಬಿಕೆ ತೋರಿಸಬಹುದಲ್ವಾ?

ಕೊನೆಗೆ ಕೆಲಸಕ್ಕೆ ಬರೋ ಮಾತು. ಮನೆಯಲ್ಲಿ ಹಿರಿಯರಿದ್ರೆ ಅವರ ಆಧಾರ್‌ಗೆ ಯಾವ ಮೊಬೈಲ್ ನಂಬರ್ ಇದೆ, ಆ ನಂಬರ್ ಈಗಲೂ ನಡೀತಿದೆಯಾ ನೋಡಿ. ಬೆರಳು ಸವೆದಿದ್ರೆ ಕಣ್ಣಿನ ಪಾಪೆ ಅಥವಾ ಓಟಿಪಿಯಲ್ಲಿ ಆಗುತ್ತಾ ಅಂತ ಕೇಳಿ. ಜೆರಾಕ್ಸ್ ಕೊಡೋ ಬದಲು ಕೊನೆಯ 4 ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ. ಬೆರಳಚ್ಚನ್ನ ಲಾಕ್ ಮಾಡೋ ಅನುಕೂಲವೂ ಇದೆ. ಸಹಾಯವಾಣಿ 1947, ಸ್ವಾತಂತ್ರ್ಯ ಬಂದ ವರ್ಷ, ಮರೆಯೋಕಾಗಲ್ಲ.

ನಿಮ್ಮ ಮನೆಯ ಹಿರಿಯರಿಗೆ ಥಂಬ್ ಹೊಂದದೆ ಏನೇನಾಯ್ತು, ವಾಯ್ಸ್ ಮೆಸೇಜ್ ಕಳಿಸಿ. ಅವರ ಮಾತಲ್ಲೇ ಇದ್ರೆ ಇನ್ನೂ ಒಳ್ಳೇದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.